ಕತ್ತಲಾಗಿಯೇ ಉಳಿದ ರಕ್ತ

ಅಮ್ಮನ ಎಡಗಾಲು ಆನೆಕಾಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪಡೀಲಿನ ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. "ಅಮ್ಮನಿಗೆ ಕಾಲು ನೋವು" ಎನ್ನುತ್ತಿದ್ದೆವು, ಅಷ್ಟೆ. ಮದುವೆಗೆ ಹೋದರೆ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಗೋಡೆಯ ಬದಿಯ ಕುರ್ಚಿ ಹಿಡಿದು, ಸೀರೆಯನ್ನು ನೆಲದವರೆಗೆ ಇಳಿಬಿಟ್ಟು ಕುಳಿತಳೆಂದರೆ, ಜನ ಎಲ್ಲ ಖಾಲಿಯಾದ ಮೇಲೆಯೇ ಏಳುವುದು. ಚಪ್ಪಲಿ ಹೊಲಿಯುವವನೊಬ್ಬ ಅವಳಿಗಾಗಿ ಎಡದ್ದೊಂದು ಅಳತೆ, ಬಲದ್ದೊಂದು ಅಳತೆ ಎಂದು ಜೋಡಿ ಮಾಡಿಕೊಡುತ್ತಿದ್ದ.

ನನಗೆ ಹದಿನಾರು ತುಂಬಿದ ವರ್ಷ ಅವಳು ಒಂದು ಕರಿನೂಲು ತೆಗೆದು ನನ್ನ ಎಡಗಾಲಿನಲ್ಲಿ, ಪಾದದ ಮೇಲಿನ ಸಪೂರ ಜಾಗಕ್ಕೆ ಸುತ್ತಿ, ತುದಿ ಬಂದು ಮುಟ್ಟಿದಲ್ಲಿ ಒಂದು ಗಂಟು ಹಾಕಿದಳು. ಆಮೇಲೆ ಪ್ರತಿ ತಿಂಗಳ ಸಂಕ್ರಮಣದ ಬೆಳಿಗ್ಗೆ, ಸ್ನಾನ ಆದ ಕೂಡಲೇ, "ಕಾಲು ಕೊಡು" ಎನ್ನುವಳು. ನೂಲು ಸುತ್ತುವಳು. ತುದಿ ಗಂಟನ್ನು ಮುಟ್ಟಿದರೆ ಉಸಿರು ಬಿಟ್ಟು, ನೂಲನ್ನು ಕುಂಕುಮದ ಡಬ್ಬಿಯಲ್ಲಿಟ್ಟು ಒಳಗೆ ಹೋಗುವಳು. ಮಾತಿಲ್ಲ ಕತೆಯಿಲ್ಲ. ಆ ಕಾಲು ನನಗೂ ಬಂದುಬಿಡುತ್ತದೋ ಎಂಬ ಹೆದರಿಕೆ ಅವಳಿಗೂ ಇತ್ತು, ನನಗೂ ಇತ್ತು. ನಾವು ಅದನ್ನು ನೂಲಿನಲ್ಲಿ ಮಾತ್ರ ಹೇಳಿಕೊಳ್ಳುತ್ತಿದ್ದೆವು.

ಬಿಎಸ್ಸಿ ಮುಗಿಸಿ ನಾನು ಸೇರಿದ್ದು ಊರಿನ ಫೈಲೇರಿಯಾ ಲ್ಯಾಬಿಗೆ, ಅಂದರೆ ಆನೆಕಾಲು ರೋಗದ ಲ್ಯಾಬಿಗೆ. ಬೇಕೆಂದೇ ಸೇರಿದ್ದು. ಹೆದರಿಸುವಂಥದ್ದನ್ನು ಕಣ್ಣಾರೆ ನೋಡಿಬಿಡಬೇಕು ಎನ್ನುವ ಹಟ ನನಗೆ ಚಿಕ್ಕಂದಿನಿಂದಲೂ ಉಂಟು. ಎಪ್ಪತ್ತರ ದಶಕದ ಕೊನೆಯ ಮಾತಿದು. ಹಂಚಿನ ಮಾಡಿನ ಹಳೆಯ ಕಟ್ಟಡ, ಹಿಂದೆ ಒಂದು ಹಾಳು ಬಾವಿ, ಬಾವಿಯಲ್ಲಿ ನಾವು ಕೊಲ್ಲಬೇಕಾದ ಸೊಳ್ಳೆಗಳೇ.

ಅಲ್ಲಿ ನಾನು ಕಲಿತ ಮೊದಲ ಸಂಗತಿ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆನೆಕಾಲಿನ ಹುಳಗಳಲ್ಲಿ ದೊಡ್ಡವು ಮೈಯೊಳಗಿನ ಸಣ್ಣ ನಾಳಗಳಲ್ಲಿ ಮನೆ ಮಾಡಿಕೊಂಡು ಕುಳಿತಿರುತ್ತವೆ. ಮರಿಗಳು ರಕ್ತದಲ್ಲಿ ಓಡಾಡುತ್ತವೆ. ಆದರೆ ಹಗಲಲ್ಲಿ ಅವು ಶ್ವಾಸಕೋಶದೊಳಗೆ ಅಡಗಿರುತ್ತವೆ, ರಾತ್ರಿ ಸೊಳ್ಳೆ ಕಚ್ಚುವ ಹೊತ್ತಿಗೆ ಮಾತ್ರ ಚರ್ಮದ ಹತ್ತಿರ ಬರುತ್ತವೆ. ಬೆಳಕೇ ಇಲ್ಲದ ಜಾಗದಲ್ಲಿ ಅವಕ್ಕೆ ಹೊತ್ತು ಹೇಗೆ ಗೊತ್ತಾಗುತ್ತದೆ? ಲ್ಯಾಬಿನ ಡಾಕ್ಟರನ್ನು ಕೇಳಿದೆ. "ಅದು ಗೊತ್ತಾದ್ರೆ ನಾನು ಇಲ್ಲಿ ಯಾಕೆ ಕೂತಿರ್ತೇನೆ?" ಎಂದರು.

ಈ ಕಾರಣಕ್ಕೆ ಲ್ಯಾಬಿನ ಗಂಡಸರು ರಾತ್ರಿ ಮನೆಮನೆ ತಿರುಗಿ ಬೆರಳು ಚುಚ್ಚಿ ರಕ್ತ ತರುತ್ತಿದ್ದರು. ಕೆಲಸಕ್ಕೆ ಸೇರುವವರ ರಕ್ತವನ್ನೂ ಹಾಗೆಯೇ ರಾತ್ರಿ ತೆಗೆದು ನೋಡುವ ಕ್ರಮ. ನಾನು ಸೇರಿದಾಗ ಡಾಕ್ಟರು, "ಹೆಣ್ಣುಮಗಳನ್ನು ರಾತ್ರಿ ನಿಲ್ಲಿಸುವುದು ಚಂದ ಅಲ್ಲ, ಮನೆಯವರು ಎಂತ ಎಣಿಸಿಯಾರು" ಎಂದು ಬೆಳಿಗ್ಗೆ ಹನ್ನೊಂದು ಗಂಟೆಗೇ ನನ್ನ ಬೆರಳು ಚುಚ್ಚಿಸಿದರು. ಹುಳ ಇಲ್ಲ ಎಂದು ರಿಜಿಸ್ಟರಿನಲ್ಲಿ ಬರೆದರು. ನನಗೂ ಅದು ಮರ್ಯಾದೆಯ ಸಂಗತಿಯಾಗಿಯೇ ಕಂಡಿತು. ಸಂಜೆ ಆರರ ಬಸ್ಸಿಗೆ ಮನೆ ಸೇರಿ ಅಮ್ಮನಿಗೆ ಹೇಳಿದೆ. ಅವಳು ಆ ದಿನ ಪಾಯಸ ಮಾಡಿದಳು.

ಮೂರು ನಾಲ್ಕು ವರ್ಷ ಕಳೆದ ಮೇಲೆ ಡಾಕ್ಟರು ಎಲ್ಲಿಯೋ ಆರು ತಿಂಗಳ ತರಬೇತಿಗೆ ಹೋಗಿ ಹೊಸ ಪರೀಕ್ಷೆಯೊಂದನ್ನು ಕಲಿತು ಬಂದರು. ನನ್ನನ್ನು ಕೂರಿಸಿ ವಿವರಿಸಿದರು. "ಹುಳದ ಮರಿಯ ಮೈಮೇಲೆ ಒಂದು ತೆಳು ಅಂಗಿ ಉಂಟು. ಆ ಅಂಗಿಯಲ್ಲಿ ಬೇರೆಬೇರೆ ಪ್ರೋಟೀನುಗಳು. ಹುಳ ಹೊಕ್ಕ ಮನುಷ್ಯನ ರಕ್ತಕ್ಕೆ ಆ ಅಂಗಿಯ ಗುರುತು ಸಿಕ್ತದೆ, ಹೋಗಿ ಅದಕ್ಕೆ ಅಂಟಿಕೊಳ್ತದೆ. ಅಂಟಿದಲ್ಲಿಗೆ ನಾವು ಹಸಿರು ಬಣ್ಣ ಹಾಕಿ ನೋಡುವುದು. ಹುಳ ಹೊಳೆದರೆ ಸೋಂಕು ಉಂಟು. ಕತ್ತಲೆಯಾಗಿದ್ರೆ ಇಲ್ಲ. ಹಗಲು ತೆಗೆದ ರಕ್ತವೇ ಸಾಕು. ಇನ್ನು ಯಾರೂ ರಾತ್ರಿ ಅಲೆಯುವುದು ಬೇಡ."

ಇದಕ್ಕೆ ಮೂರು ಬೇಕು. ಗಾಜಿನ ಮೇಲೆ ಒಣಗಿಸಿಡಲು ಹುಳದ ಮರಿಗಳು. ಖಂಡಿತ ಹೊಳೆಯುವ ಒಂದು ರಕ್ತ. ಖಂಡಿತ ಕತ್ತಲೆಯಾಗಿರುವ ಇನ್ನೊಂದು ರಕ್ತ, ಅಂದರೆ ರೋಗವಿಲ್ಲದವರದ್ದು. ಬಂದವರ ರಕ್ತವನ್ನು ಇವೆರಡರ ನಡುವೆ ಇಟ್ಟು ಹೋಲಿಸಬೇಕು. ಬೇರೆ ಊರುಗಳಲ್ಲಿ ಇದನ್ನೆಲ್ಲ ಪೆಟ್ಟಿಗೆಯಲ್ಲಿ ತರಿಸುತ್ತಾರಂತೆ. ನಮ್ಮಲ್ಲಿ ಎಲ್ಲಿಂದ? ನಾನು ಧೈರ್ಯದಿಂದ ಹೇಳಿದೆ, "ಸಾರ್, ಮೂರೂ ನಮ್ಮ ಮನೆಯಲ್ಲೇ ಉಂಟು."

ಹುಳ ಮಾವನದ್ದು. ಮಾವ ಎಂದರೆ ಅಮ್ಮನ ಅಣ್ಣ, ತೊಕ್ಕೊಟ್ಟಿನಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದವರು. ಮದುವೆಯಾಗಿರಲಿಲ್ಲ. ಹಿಂದೊಮ್ಮೆ ರಾತ್ರಿ ರಕ್ತ ತೆಗೆಯುವವರು ಹೋಟೆಲಿಗೆ ಹೋದಾಗ ಅವರ ಒಂದೇ ಹನಿಯಲ್ಲಿ ಹುಳಗಳು ಕಿಕ್ಕಿರಿದು ಸಿಕ್ಕಿದ್ದವು. ಆದರೆ ಕಾಲಿಗೆ ಒಂದಿಷ್ಟೂ ಬಾವು ಇಲ್ಲ, ಜ್ವರ ಇಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಆಳು. ಹೊಳೆಯುವ ರಕ್ತ ಅಮ್ಮನದ್ದು. ಕತ್ತಲೆಯ ರಕ್ತ ನನ್ನದು.

ನನ್ನ ರಕ್ತದ ಬಾಟಲಿಗೆ 'ನಾರ್ಮಲ್' ಎಂದು ಚೀಟಿ ಅಂಟಿಸಿದ ದಿನ ನನಗಾದ ಖುಷಿಯನ್ನು ಹೇಗೆ ಹೇಳಲಿ! ಊರಿನವರ ರಕ್ತ ಸರಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನನ್ನ ರಕ್ತ. ನೂಲಿಗಿಂತ ದೊಡ್ಡ ಸಾಕ್ಷಿ ಅದು. ಮಾವ ಹೋಟೆಲಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, "ನನ್ನ ಸೊಸೆಯ ರಕ್ತವನ್ನು ಮಾದರಿ ಅಂತ ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ ಮಾರಾಯ!"

ಮಾವ ಪೇಟೆಗೆ ಸಾಮಾನಿಗೆ ಬರುವ ದಿನ ಗೋಳಿಬಜೆಯ ಪೊಟ್ಟಣ ಹಿಡಿದು ಲ್ಯಾಬಿಗೆ ಬರುತ್ತಿದ್ದರು. ಹುಳವನ್ನು ಹಗಲಲ್ಲಿ ಎಬ್ಬಿಸಲು ಒಂದು ಉಪಾಯವಿದೆ. ಅದನ್ನು ಕೊಲ್ಲುವ ಮಾತ್ರೆಯನ್ನೇ ಸ್ವಲ್ಪ ಮಾತ್ರ ಕೊಟ್ಟರೆ, ಅಡಗಿದ್ದಲ್ಲಿಂದ ಗಾಬರಿಬಿದ್ದು ಹೊರಗೆ ಬರುತ್ತದೆ. ಮಾತ್ರೆ ನುಂಗಿಸಿ ಅರ್ಧ ಗಂಟೆ ಮಾವನನ್ನು ಬೆಂಚಿನಲ್ಲಿ ಕೂರಿಸುತ್ತಿದ್ದೆ. ಅವರು ತೋಳು ನೋಡಿಕೊಳ್ಳುತ್ತ, "ಎದ್ದರಾ? ಏಳಿ, ಏಳಿ, ಹಗಲೇ ರಾತ್ರಿ ಆಯ್ತು" ಎಂದು ಅವಕ್ಕೆ ಹೇಳುವರು. ಹೊರಗೆ ಸುಡುವ ಬಿಸಿಲು, ಕಾಗೆ ಕೂಗುತ್ತಿರುತ್ತಿತ್ತು. ನಾನು ನಗುತ್ತಿದ್ದೆ, ಆದರೆ ಸಿರಿಂಜಿನಲ್ಲಿ ರಕ್ತ ಏರುವಾಗ ಆ ಕಡೆ ನೋಡುತ್ತಿರಲಿಲ್ಲ.

ಸಂಪೂರ್ಣ ಮಾತ್ರೆ ಕೊಟ್ಟು ಮಾವನ ಹುಳ ತೆಗೆಯಬೇಕು ಎಂದು ನಾನು ಡಾಕ್ಟರಿಗೆ ಎಷ್ಟು ಸಲ ಹೇಳಿದ್ದೇನೋ! "ಇನ್ನೊಂದು ಸಲ ಸ್ಲೈಡ್ ಮಾಡಿಟ್ಟುಕೊಳ್ಳುವ, ಆಮೇಲೆ ಕೊಡುವ" ಎನ್ನುವರು. ಮಾವನೂ ಅವರ ಕಡೆಗೇ. "ಇರ್ಲಿ ಬಿಡು, ಇಷ್ಟು ವರ್ಷ ಸಾಕಿದ್ದೇನೆ. ನಮ್ಮ ಕಟ್ಟಿನಲ್ಲಿ ಮಾವನ ಸೊತ್ತು ಯಾರಿಗೆ? ತಂಗಿಯ ಮಕ್ಕಳಿಗೆ ತಾನೆ? ಇದೂ ನಿನಗೇ." ಅಳಿಯಕಟ್ಟಿನ ಮನೆಗಳಲ್ಲಿ ಎಲ್ಲರೂ ಮಾಡುವ ತಮಾಷೆ. ನಾನು ಅವರ ಕೈಗೆ ಹತ್ತಿ ಒತ್ತಿ, "ಥೂ, ಬಿಡ್ತು ಅನ್ನಿ" ಎಂದು ಬೈದೆ.

ಕತ್ತಲೆ ಕೋಣೆ ಎಂದರೆ ಹಿಂದೆ ಸಾಮಾನು ತುಂಬುತ್ತಿದ್ದ ಕೋಣೆ. ಕಿಟಕಿಗೆ ಕರಿ ಬಟ್ಟೆ ಬಡಿದಿದ್ದೆವು. ಅಮ್ಮ ಕೊಟ್ಟ ಹಳೆಯ ಬುತ್ತಿ ಡಬ್ಬಿಯೊಳಗೆ ಒದ್ದೆ ಹತ್ತಿ ಹಾಸಿ, ಅದರಲ್ಲಿ ಗಾಜನ್ನು ಮಲಗಿಸಿ, ರಕ್ತದ ತಿಳಿ, ಅಂದರೆ ಸೀರಮ್, ಹಾಕಿ, ತೊಳೆದು, ಬಣ್ಣ ಹಾಕಿ, ಮತ್ತೆ ತೊಳೆದು, ಆ ಕೋಣೆಗೆ ಒಯ್ಯುತ್ತಿದ್ದೆ. ನಡುಮಧ್ಯಾಹ್ನ ಬಾಗಿಲು ಹಾಕಿಕೊಂಡರೆ ಒಳಗೆ ನಡುರಾತ್ರಿಯೇ. ಸೂಕ್ಷ್ಮದರ್ಶಕದ ದೀಪ ಜುಂಯ್ ಎಂದು ಸದ್ದು ಮಾಡುತ್ತಿತ್ತು.

ಮೊದಲ ಸಲ ಅಮ್ಮನ ರಕ್ತ ಹಾಕಿದ ಜಾಗವನ್ನು ನೋಡಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕಪ್ಪಿನ ನಡುವೆ ಹಸಿರು. ಒಡೆದ ಹಸಿರು ಬಳೆಯ ಚೂರುಗಳ ಹಾಗೆ ಉರಿಯುತ್ತಿದ್ದವು, ಒಂದೊಂದೂ ಬಾಗಿ, ಒಂದೊಂದೂ ತುದಿಯವರೆಗೂ ಬೆಳಗಿ. ಸತ್ತ ಹುಳಗಳು. ಮಾವನೊಳಗಿಂದ ಬಂದವು. ಅವನ್ನು ಅಮ್ಮನ ರಕ್ತ ಗುರುತಿಸಿತ್ತು. ಅಮ್ಮನಲ್ಲಿ ಈಗ ಒಂದೂ ಹುಳ ಇರಲಿಲ್ಲ, ಇಪ್ಪತ್ತು ವರ್ಷದ ಹಿಂದೆಯೇ ಸತ್ತಿರಬೇಕು ಎಂದಿದ್ದರು ಡಾಕ್ಟರು. ಆದರೆ ರಕ್ತ ಮರೆತಿರಲಿಲ್ಲ. ಪಕ್ಕದಲ್ಲೇ ನನ್ನದನ್ನು ಹಾಕಿದ ಜಾಗ. ಅದೇ ಹುಳಗಳು, ಏನೇನೂ ಹೊಳಪಿಲ್ಲ. ಕಪ್ಪಿನಲ್ಲಿ ಕಪ್ಪಾಗಿ ಮಲಗಿದ್ದವು. ಒಂದೇ ಗಾಜಿನ ಮೇಲೆ ನಮ್ಮ ಮನೆಯ ಮೂವರು.

ಅಮ್ಮನಿಗೆ ಸಂಜೆ ಹೇಳಿದೆ. "ನಿಮ್ಮದು ದೀಪದ ಹಾಗೆ ಬೆಳಗ್ತದೆ ಅಮ್ಮ."

"ನಿನ್ನದು?"

"ನನ್ನದು ಕತ್ತಲೆ."

"ಕತ್ತಲೆಯೇ ಇರ್ಲಿ," ಎಂದಳು. ಆಮೇಲೆ ದೇವರ ಕೋಣೆಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ.

ಒಂದು ದಿನ ತಮಾಷೆಗೆಂದು ಮಾವನ ರಕ್ತದ ತಿಳಿಯನ್ನೇ ಮಾವನ ಹುಳಗಳ ಮೇಲೆ ಹಾಕಿ ನೋಡಿದೆ. ಬೆಂಕಿಯ ಹಾಗೆ ಉರಿಯಬೇಕಿತ್ತು ತಾನೆ? ಕತ್ತಲೆ. ಇನ್ನೊಮ್ಮೆ ಮಾಡಿದೆ. ಕತ್ತಲೆ. ಡಾಕ್ಟರಿಗೆ ತೋರಿಸಿದರೆ, "ಸೀರಮ್ ಹಾಳಾಗಿರ್ಬೇಕು, ಕರೆಂಟ್ ಹೋಗ್ತಾ ಉಂಟಲ್ಲ" ಎಂದರು. ಅವರಿಗೆ ಮಾವ ಹುಳ ಕೊಡುವ ಮನುಷ್ಯ. ಅಂಥವರಿಗೆ ಪರೀಕ್ಷೆ ಯಾಕೆ? ನಾನೂ ಅಲ್ಲಿಗೇ ಬಿಟ್ಟೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಗ ಬಂದವರು ಉಳ್ಳಾಲದ ಬಟ್ಟೆ ಅಂಗಡಿಯ ಬ್ಯಾರಿ ಸಾಹೇಬರೊಬ್ಬರು. ನಲವತ್ತರ ಸುಮಾರಿನ, ಮೆಲ್ಲಗೆ ಮಾತನಾಡುವ ಮನುಷ್ಯ. ತಂದೆಗೆ ಎರಡೂ ಕಾಲು ಆನೆಕಾಲು, ಕೊನೆಯ ಹತ್ತು ವರ್ಷ ಮನೆಯ ಹೊಸ್ತಿಲು ದಾಟಿರಲಿಲ್ಲವಂತೆ. ಗಲ್ಫಿನಲ್ಲಿದ್ದ ತಮ್ಮ ಇವರನ್ನು ಅಂಗಡಿ ನೋಡಿಕೊಳ್ಳಲು ಕರೆಸಿಕೊಳ್ಳುವವನಿದ್ದ. "ಅಲ್ಲಿಗೆ ಹೋದ ಮೇಲೆ ಕಾಲು ಊದಿದ್ರೆ ನಾನು ಎಂತ ಮಾಡುವುದು ಅಕ್ಕ? ಇಲ್ಲೇ ಗೊತ್ತಾದ್ರೆ ಒಳ್ಳೆದಲ್ವಾ?" ಎಂದರು. ಅವರ ರಕ್ತ ತೆಗೆದು ನೋಡಿದೆ. ಕತ್ತಲೆ. ನನ್ನದರ ಪಕ್ಕದಲ್ಲಿ ಇಟ್ಟರೆ ವ್ಯತ್ಯಾಸವೇ ಇಲ್ಲ.

"ಹೆದರ್ಬೇಡಿ," ಎಂದೆ. "ನಿಮ್ಮ ರಕ್ತವೂ ನನ್ನ ರಕ್ತವೂ ಒಂದೇ ಹಾಗೆ ಉಂಟು."

ಅವರ ಕಣ್ಣು ತುಂಬಿತು. ಮರುದಿನ ಒಂದು ಡಬ್ಬಿ ತುಂಬ ಹಲ್ವ ಕಳಿಸಿದ್ದರು. ನಾನು ಮೂರು ದಿನ ತಿಂದೆ.

ಮುಂದಿನ ತಿಂಗಳು ಮಾವ ಬಂದಾಗ ಮಳೆ ಹಿಡಿದಿತ್ತು. ಹೊರಗೆ ಹೋಗುವಂತಿರಲಿಲ್ಲ. ಹೊತ್ತು ಹೋಗಲೆಂದು ಅವರನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದೆ. ಅಮ್ಮನ ಹಸಿರನ್ನು ಅವರು ಎರಡೆರಡು ಸಲ ನೋಡಿದರು. ತಂಗಿಯ ಕಾಲಿನ ಬಗ್ಗೆ ಅವರು ಯಾವತ್ತೂ ತಮಾಷೆ ಮಾಡಿದವರಲ್ಲ. ಆಮೇಲೆ ನನ್ನದು ನೋಡಿದರು. ಆಮೇಲೆ ಅವರದ್ದೇ.

"ಇದು ನನ್ನದಾ? ಇದರಲ್ಲಿ ಎಂತದ್ದೂ ಕಾಣುದಿಲ್ಲ."

"ಹೌದು. ಡಾಕ್ಟರು ಸೀರಮ್ ಹಾಳಾಗಿದೆ ಅಂತಾರೆ."

"ಹಾಳಾಗಿದ್ದಾ?" ಮಾವ ಕಣ್ಣು ತೆಗೆಯಲಿಲ್ಲ. "ಇಷ್ಟು ವರ್ಷ ನನ್ನನ್ನೇ ತಿಂದು ಬೆಳೆದದ್ದು ಇವು. ನನ್ನ ರಕ್ತಕ್ಕೆ ಇವುಗಳ ಗುರುತೇ ಇಲ್ಲ ಅಂದ್ರೆ? ಹುಳ ತುಂಬಿದವನದ್ದು ಕತ್ತಲೆ. ಹುಳ ಇಲ್ಲದ ತಂಗಿಯದ್ದು ಬೆಳಕು." ಕತ್ತಲೆಯಲ್ಲಿ ಅವರು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. "ಅಲ್ಲ ಮಾರಾಯ್ತಿ, ನಿನ್ನದು ಯಾಕೆ ಕತ್ತಲೆ?"

ದೀಪ ಜುಂಯ್ ಎನ್ನುತ್ತಿತ್ತು. ಹಂಚಿನ ಮೇಲೆ ಮಳೆ.

"ನನಗೆ ಸೇರುವಾಗಲೇ ನೋಡಿದ್ದಾರೆ ಮಾವ."

"ಯಾವಾಗ? ರಾತ್ರಿಯಾ?"

ಹನ್ನೊಂದು ಗಂಟೆ. ಬೆಳಿಗ್ಗೆ ಹನ್ನೊಂದು ಗಂಟೆ. ಹಗಲಲ್ಲಿ ತೆಗೆದ ಹನಿಯಲ್ಲಿ ಹುಳ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ರಾತ್ರಿ ಮನೆಮನೆ ತಿರುಗುತ್ತಿದ್ದ ಲ್ಯಾಬು ಅದು. ಅಲ್ಲಿನ ಡಾಕ್ಟರು, ಅಟೆಂಡರು, ನಾನು, ಯಾರಿಗೂ ಇಷ್ಟು ವರ್ಷ ಅದು ಹೊಳೆದಿರಲಿಲ್ಲ. ಹೆಣ್ಣುಮಗಳ ಮರ್ಯಾದೆ ಕಾಪಾಡಿದ ಸಮಾಧಾನದಲ್ಲಿ ಎಲ್ಲರೂ ಮರೆತುಬಿಟ್ಟಿದ್ದೆವು.

ಮಾವ ಹೋದ ಮೇಲೆ, ಡಾಕ್ಟರು ಊಟಕ್ಕೆಂದು ಮನೆಗೆ ಹೋಗಿದ್ದ ಹೊತ್ತು ನೋಡಿ, ಮಾವನಿಗೆ ಕೊಡುವ ಮಾತ್ರೆಯನ್ನು ನಾನೇ ನುಂಗಿದೆ. ಬುತ್ತಿ ಬಿಚ್ಚಲಿಲ್ಲ. ಮಾವ ಕೂರುತ್ತಿದ್ದ ಬೆಂಚಿನಲ್ಲೇ ಕೂತೆ. ಗೋಡೆ ಗಡಿಯಾರ ನೋಡುತ್ತ ಅರ್ಧ ಗಂಟೆ. ನನ್ನೊಳಗೆ ಏನಾದರೂ ಸರಿದ ಹಾಗೆ ಆಗುತ್ತದೆಯೇ ಎಂದು ಉಸಿರು ಹಿಡಿದು ಕೇಳಿಸಿಕೊಂಡೆ. ಎಂತದ್ದೂ ಆಗಲಿಲ್ಲ. ನನ್ನದೇ ಮೈ, ಅದೇ ಅಂಗೈ, ಅದೇ ಬಳೆ. ಆದರೂ ಯಾರೋ ಬೇರೆಯವರ ಮನೆಯ ಜಗಲಿಯಲ್ಲಿ ಬಾಗಿಲು ತೆರೆಯಲೆಂದು ಕಾಯುತ್ತ ಕುಳಿತವಳ ಹಾಗೆ ಅನಿಸಿತು.

ಬೆರಳು ಚುಚ್ಚಿ, ಒಂದು ಹನಿಯನ್ನು ಗಾಜಿಗೆ ಇಳಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕೆಂಪು ಕಣಗಳು ಮಾತ್ರ. ಸ್ವಲ್ಪ ಸರಿಸಿದೆ. ಅಲ್ಲೂ ಅಷ್ಟೆ. ದೇವರೇ, ಮಾವನಿಗೆ ತಲೆ ಕೆಟ್ಟಿದೆ, ನನಗೂ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ಸರಿಸಿದೆ. ಮೂಲೆಯಲ್ಲಿ ಕಣಗಳು ಅಲುಗಿದವು. ಗದ್ದೆಯೊಳಗೆ ಯಾರೋ ನಡೆಯುವಾಗ ಪೈರು ಆಚೆ ಈಚೆ ಸರಿಯುತ್ತದಲ್ಲ, ನಡೆಯುವವರು ಕಾಣುವುದಿಲ್ಲ, ಹಾಗೆ. ಆಮೇಲೆ ಅದು ಕಾಣಿಸಿತು. ನೀರಿನಂಥ ಮೈ, ಬಾಗಿ, ಬಿಚ್ಚಿ, ಮತ್ತೆ ಬಾಗಿ. ಎಲ್ಲಿಗೂ ಹೋಗುತ್ತಿರಲಿಲ್ಲ. ಇದ್ದಲ್ಲೇ ಚಾಟಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಅದರ ಆಚೆ ಇನ್ನೊಂದು.

ಸಾವಿರ ಸಲ ನೋಡಿದ ಹುಳ. ಆದರೆ ಅದು ನನ್ನೊಳಗಿಂದ ಬಂದದ್ದು, ನಾನು ನಗುವಾಗ, ಬಸ್ಸು ಹಿಡಿಯುವಾಗ, ಅಮ್ಮನಿಗೆ ಕಾಲು ಕೊಡುವಾಗ ಒಳಗೇ ಇದ್ದದ್ದು. ಪ್ರತಿ ರಾತ್ರಿ ನಾನು ಮಲಗಿದ ಮೇಲೆ ಎದ್ದು ಬಂದು, ಬೆಳಗಾಗುವ ಮೊದಲು ಇಳಿದುಹೋದದ್ದು. ಎಷ್ಟು ವರ್ಷದಿಂದಲೋ! ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಅಳುವಾಗ ಎಡಗಾಲನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ.

ಡಾಕ್ಟರು ಬಂದಾಗ ಗಾಜು ಹಾಗೆಯೇ ಇತ್ತು. ನೋಡಿದರು. ಯಾರದ್ದೆಂದು ಕೇಳಲಿಲ್ಲ, ನನ್ನ ಬೆರಳಿನ ಹತ್ತಿ ನೋಡಿದ್ದರು. ಕನ್ನಡಕ ತೆಗೆದು ಒರೆಸಿ, ಒರೆಸಿ, ಕೊನೆಗೆ ಹೇಳಿದ್ದು, "ನಾರ್ಮಲ್‌ಗೆ ಬೇರೆ ಯಾರದ್ದಾದ್ರೂ ತಗೊಳ್ಳುವ."

ನನಗೆ ಎಲ್ಲಿತ್ತೋ ಸಿಟ್ಟು! "ಬಾಟಲಿ ಬದಲಾಯಿಸಿದ್ರೆ ಆಯ್ತಾ ಸಾರ್? ನನ್ನ ರಕ್ತ ನೋಡಿ ಎಷ್ಟು ಜನರನ್ನು ಮನೆಗೆ ಕಳಿಸಿದ್ದೇವೆ? ಮಾವನದ್ದು ಕತ್ತಲೆ ಬಂದಾಗ ಹಾಳಾಗಿದೆ ಅಂದ್ರಿ. ಯಾವುದೂ ಹಾಳಾಗಿರ್ಲಿಲ್ಲ. ನೀವು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ!" ಅಟೆಂಡರು ಬಾಗಿಲಲ್ಲಿ ಬಂದು ನಿಂತ. ಡಾಕ್ಟರ ಎದುರು ಅದಕ್ಕೆ ಮೊದಲು ನಾನು ಗಟ್ಟಿಯಾಗಿ ಸೀನಿದ್ದೂ ಇಲ್ಲ.

ಅವರು ಕೆಟ್ಟವರಲ್ಲ. ಕುರ್ಚಿ ಎಳೆದು ಕೂತು ವಿವರಿಸಿದರು, ನನಗೆ ಹೇಳುವುದಕ್ಕಿಂತ ತಮಗೇ ಹೇಳಿಕೊಳ್ಳುವ ಹಾಗೆ. ಹುಳ ಬಹಳ ಜಾಣ. ನಮ್ಮದೇ ರಕ್ತದ ಪ್ರೋಟೀನನ್ನು ತನ್ನ ಅಂಗಿಗೆ ಹಚ್ಚಿಕೊಂಡು ನಮ್ಮವನ ಹಾಗೆಯೇ ಓಡಾಡುತ್ತದೆ. ಜೊತೆಗೆ, ಮರಿಗಳು ಕಿಕ್ಕಿರಿದ ಮೈಯಲ್ಲಿ ರಕ್ತವೇ ಸೋತು ಸುಮ್ಮನಾಗಿರಬಹುದು. ಅಂಥವರ ರಕ್ತ ಅಂಗಿಯನ್ನು ಗುರುತಿಸುವುದಿಲ್ಲ. ಗುರುತಿಸಿದವರು ಮರಿಗಳನ್ನು ಕೊಂದುಹಾಕಿರುತ್ತಾರೆ, ನನ್ನ ಅಮ್ಮನ ಹಾಗೆ. "ಹಾಗಾದ್ರೆ ಕತ್ತಲೆ ಅಂದ್ರೆ ಎರಡು," ಎಂದರು. "ಹುಳವೇ ಇಲ್ಲದವರು. ಇಲ್ಲದಿದ್ರೆ ಹುಳ ತುಂಬಿದವರು." ಮರುದಿನದಿಂದ ರಿಜಿಸ್ಟರು ಬಿಡಿಸಿ, ಕತ್ತಲೆ ಎಂದು ಬರೆದವರನ್ನೆಲ್ಲ ಮತ್ತೆ ಕರೆಸುವುದೆಂದಾಯಿತು. ಮಾವನಿಗೂ ನನಗೂ ಆ ದಿನವೇ ಮಾತ್ರೆಯ ಚೀಟಿ ಬರೆದರು.

ಉಳ್ಳಾಲಕ್ಕೆ ನಾನೇ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ತಾನುಗಳ ನಡುವೆ, ಸ್ಟೂಲಿನ ತುದಿಯಲ್ಲಿ ಕೂತು ಹೇಳಿದೆ. ಎಲ್ಲವನ್ನೂ ಹೇಳಿದೆ, ನನ್ನದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ನನಗೆ ಸಮಾಧಾನವಾಗುತ್ತಿತ್ತು.

ಅವರು ಮಾತ್ರೆ ನುಂಗಿ, ಅರ್ಧ ಗಂಟೆ ಕಳೆದು ಬೆರಳು ಕೊಟ್ಟು, ಹತ್ತಿ ಒತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದರು, "ನಿಮ್ಮ ರಕ್ತವೂ ನನ್ನ ರಕ್ತವೂ ಒಂದೇ ಹಾಗೆ ಉಂಟು ಅಂತ ಹೇಳಿದ್ರಿ ಅಲ್ವಾ ಅಕ್ಕ? ಅದು ಸುಳ್ಳಾಗ್ಲಿಕ್ಕಿಲ್ಲ."

ಸುಳ್ಳಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನಲ್ಲಿ ನೋಡಿದೆ, ಅವರ ಹನಿಯಲ್ಲೂ ಕಣಗಳು ಆಚೆ ಈಚೆ ಸರಿಯುತ್ತಿದ್ದವು. ಗಲ್ಫಿಗೆ ಹೊರಡುವ ಮೊದಲೇ ಅವರು ಮಾತ್ರೆ ಮುಗಿಸಿದರು ಎನ್ನುವುದೊಂದೇ ನನಗೆ ನೆಮ್ಮದಿ. ಹೊರಡುವ ಮುನ್ನ ಮತ್ತೆ ಹಲ್ವ ಕಳಿಸಿದ್ದರು. ನನಗೆ ಒಂದು ತುಂಡೂ ಇಳಿಯಲಿಲ್ಲ.

ನಾನೂ ಮಾವನೂ ಒಟ್ಟಿಗೆ ಶುರು ಮಾಡಿದೆವು, ಹನ್ನೆರಡು ದಿನ. ಎರಡನೆಯ ದಿನಕ್ಕೇ ಜ್ವರ. ಅದು ರೋಗದ ಜ್ವರವಲ್ಲ, ಒಳಗೆ ಹುಳಗಳು ಸಾಯುವ ಜ್ವರ. ತೊಕ್ಕೊಟ್ಟಿನಲ್ಲಿ ಮಾವ ಹೋಟೆಲಿಗೆ ಬಾಗಿಲು ಹಾಕಿ ಮಲಗಿದರು. ಪಡೀಲಿನಲ್ಲಿ ನಾನು ಕಂಬಳಿ ಹೊದ್ದು ಮಲಗಿ, ಈಗ ಎಲ್ಲಿ ಸಾಯುತ್ತಿವೆ, ಕಾಲಿನಲ್ಲೋ, ತೋಳಿನಲ್ಲೋ, ಸತ್ತವು ಎಲ್ಲಿಗೆ ಹೋಗುತ್ತವೆ ಎಂದು ಎಣಿಸುತ್ತಿದ್ದೆ. ಅಮ್ಮನಿಗೆ ಫ್ಲೂ ಎಂದು ಹೇಳಿದ್ದೆ. ಅವಳು ಗಂಜಿ ತಂದಿಟ್ಟು, ಹಣೆ ಮುಟ್ಟಿ, ಕಂಬಳಿಯ ತುದಿ ಸರಿಸಿ ನನ್ನ ಎಡಗಾಲಿಗೆ ಕರಿನೂಲು ಸುತ್ತಿದಳು. ಸಂಕ್ರಮಣಕ್ಕೆ ಇನ್ನೂ ಹತ್ತು ದಿನ ಇತ್ತು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದ್ದೆ. ತುದಿ ಗಂಟು ಮುಟ್ಟಿರಬೇಕು, ಅವಳ ಉಸಿರು ಕೇಳಿಸಿತು. ಅವಳಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆರು ತಿಂಗಳು ಬಿಟ್ಟು ಡಾಕ್ಟರು ಮತ್ತೆ ನನ್ನ ರಕ್ತ ತೆಗೆಸಿದರು. ಈ ಸಲ ರಾತ್ರಿ ಲ್ಯಾಬಿನಲ್ಲಿ ನಿಲ್ಲುತ್ತೇನೆ ಎಂದು ನಾನೇ ಹಟ ಹಿಡಿದೆ. ಮಾವ ಹೊರಗೆ ಬೆಂಚಿನಲ್ಲಿ ಕಾವಲು ಕೂತಿದ್ದರು. ಒಂದೂ ಹುಳ ಇರಲಿಲ್ಲ. ಮಾವನದ್ದರಲ್ಲೂ ಇರಲಿಲ್ಲ. "ಸಂಸಾರ ಖಾಲಿ ಆಯ್ತು," ಎಂದು ಅವರು ನಕ್ಕರು.

ಮರುದಿನ ಮಧ್ಯಾಹ್ನ ಅದೇ ರಕ್ತದ ತಿಳಿಯನ್ನು, ಫ್ರಿಜ್ಜಿನಲ್ಲಿ ಉಳಿದಿದ್ದ ಮಾವನ ಹಳೆಯ ಹುಳಗಳ ಮೇಲೆ ಹಾಕಿ, ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡೆ. ಕಣ್ಣಿಟ್ಟೆ. ಹಸಿರು. ಅಮ್ಮನದ್ದರ ಹಾಗೆಯೇ, ತುದಿಯಿಂದ ತುದಿಯವರೆಗೆ. ನನ್ನ ರಕ್ತಕ್ಕೆ ಕೊನೆಗೂ ಗುರುತು ಸಿಕ್ಕಿತ್ತು. ಅಮ್ಮನ ಜಾಗ ಯಾವುದು, ನನ್ನ ಜಾಗ ಯಾವುದು ಎಂದು ಚೀಟಿ ನೋಡದೆ ಹೇಳುವಂತಿರಲಿಲ್ಲ.

"ಇದು ಒಳ್ಳೆಯ ಲಕ್ಷಣ," ಎಂದರು ಡಾಕ್ಟರು. "ಹುಳ ಸತ್ತಿವೆ, ಈಗ ರಕ್ತ ನೋಡ್ತಾ ಉಂಟು."

"ಅಮ್ಮನದ್ದೂ ಹೀಗೇ ಬೆಳಗ್ತದಲ್ಲ ಸಾರ್. ಹಾಗಾದ್ರೆ ಅವರ ಕಾಲು?"

ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ನಾನು ಇವತ್ತಿಗೂ ಅವರನ್ನು ಗೌರವಿಸುತ್ತೇನೆ. "ಯಾರಿಗೆ ಬೆಳಕು ಒಳ್ಳೆಯದು, ಯಾರಿಗೆ ಕೆಟ್ಟದು ಅಂತ ನಮಗಿನ್ನೂ ಗೊತ್ತಿಲ್ಲಮ್ಮ," ಎಂದರು.

ಆ ಸಂಜೆ ನಾನು ಮನೆಗೆ ಬರುವಾಗ ಅಮ್ಮ ಜಗಲಿಯಲ್ಲೇ ಕೂತಿದ್ದಳು. "ನೋಡಿದ್ಯಾ ಇವತ್ತು?" ಎಂದು ಕೇಳಿದಳು. ಯಾವುದನ್ನು ಎಂದು ನಾನೂ ಕೇಳಲಿಲ್ಲ.

"ನೋಡಿದೆ."

"ಕತ್ತಲೆಯೇ ಅಲ್ವಾ?"

"ಕತ್ತಲೆಯೇ ಅಮ್ಮ."

ಅವಳು ತಲೆಯಾಡಿಸಿ, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟು, ದೀಪ ಹಚ್ಚಲು ಎದ್ದಳು. ಆಮೇಲೆ ಅವಳಿದ್ದಷ್ಟು ವರ್ಷವೂ ಪ್ರತಿ ಸಂಕ್ರಮಣಕ್ಕೆ ನೂಲು ಸುತ್ತಿ ಅದೇ ಮಾತು ಕೇಳುವಳು. ನಾನು ಅದೇ ಉತ್ತರ ಕೊಡುತ್ತಿದ್ದೆ. ಬೇರೆ ಎಲ್ಲ ವಿಷಯಕ್ಕೂ ನಾನು ಅವಳೊಂದಿಗೆ ಜಗಳವಾಡಿದ್ದೇನೆ.

ಅವಳು ಹೋಗಿ ಬಹಳ ಕಾಲವಾಯಿತು. ಕುಂಕುಮದ ಡಬ್ಬಿ ನನ್ನ ಹತ್ತಿರ ಇದೆ. ನೂಲು ಮಾಸಿ ಕಂದು ಬಣ್ಣಕ್ಕೆ ತಿರುಗಿದೆ, ಗಂಟು ಮಾತ್ರ ಗಟ್ಟಿ. ಹೋದ ಸಂಕ್ರಮಣಕ್ಕೂ ಸ್ನಾನ ಮಾಡಿ ಬಂದು, ಮಂಚದ ಮೇಲೆ ಕೂತು ಸುತ್ತಿಕೊಂಡೆ. ತುದಿ ಗಂಟನ್ನು ಮುಟ್ಟಿತು. ಮನೆಯಲ್ಲಿ ಯಾರೂ ಇರಲಿಲ್ಲ. "ಕತ್ತಲೆಯೇ ಅಮ್ಮ," ಎಂದು ಗಟ್ಟಿಯಾಗಿ ಹೇಳಿದೆ.